ದೊಡ್ಡೋರಿಗೆ ನೀರು

ನಮ್ಮ ಮನೆಯಲ್ಲಿ ಆನೆಯನ್ನು ಆನೆ ಅನ್ನುತ್ತಿರಲಿಲ್ಲ. ‘ದೊಡ್ಡೋರು’ ಅನ್ನುತ್ತಿದ್ದೆವು. ಇದು ಊರಿನ ರೂಢಿಯಲ್ಲ, ನಮ್ಮ ಅಜ್ಜಿಯ ಕಟ್ಟಳೆ. ಬೆಳಗೋಡಿನಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ ಉಳಿದವರೆಲ್ಲ ಆನೆ ಅಂತಲೇ ಅನ್ನುತ್ತಿದ್ದರು; ಗದ್ದೆ ತುಳಿಸಿಕೊಂಡವರು ಅದಕ್ಕೆ ಎರಡು ಬೈಗುಳ ಸೇರಿಸಿ ಅನ್ನುತ್ತಿದ್ದರು. ನಮ್ಮ ಹೊಸಿಲಿನ ಒಳಗೆ ಮಾತ್ರ ಆ ಹೆಸರು ಬರಕೂಡದು. ಹೆಸರು ಹಿಡಿದರೆ ಕೇಳಿಸಿಕೊಂಡು ಬರುತ್ತವೆ ಎನ್ನುವುದು ಅಜ್ಜಿಯ ನಂಬಿಕೆ. ಬದುವಿನ ಮೇಲೆ ಮೊರದಗಲದ ಹೆಜ್ಜೆ ಕಂಡರೆ ‘ದೊಡ್ಡೋರು ಬಂದೋಗವ್ರೆ’ ಅನ್ನುವರು. ಬೈನೆ ಮರ ಮುರಿದು ಬಿದ್ದಿದ್ದರೆ ‘ದೊಡ್ಡೋರು ಊಟ ಮಾಡವ್ರೆ’. ಹಾವನ್ನು ಹುಳ ಅನ್ನುವವರ ನಡುವೆ ಬೆಳೆದ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಾನು ಶಾಲೆಯಲ್ಲಿ ಆನೆ ಅನ್ನುತ್ತಿದ್ದೆ, ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗೆ ಆ ಮಾತನ್ನೂ ಹೊರಗೆ ಬಿಡುತ್ತಿದ್ದೆ.

ಮನೆ ದೊಡ್ಡದಲ್ಲ. ಮುಂದೆ ಜಗುಲಿ, ಅದರ ಮುಂದೆ ಅಂಗಳ, ಅಂಗಳದ ಆಚೆ ಕಾಫಿ ಒಣಗಿಸುವ ಕಣ. ಒಳಗೆ ನಡುಮನೆ, ಅಡುಗೆಮನೆ, ಅಜ್ಜಿ ಮಲಗುವ ಸಣ್ಣ ಕೋಣೆ, ಹಿಂದೆ ಬಚ್ಚಲು. ಅಡುಗೆಮನೆಯಲ್ಲಿ ಗ್ಯಾಸ್ ಇತ್ತು, ಆದರೆ ಅದರ ಮೇಲೆ ನೆಂಟರ ಕಾಫಿ ಬಿಟ್ಟರೆ ಬೇರೇನೂ ಏರುತ್ತಿರಲಿಲ್ಲ. ರೊಟ್ಟಿ, ಕಡುಬು, ಸಾರು ಎಲ್ಲ ಸೌದೆ ಒಲೆಯಲ್ಲಿ. ನಡುಮನೆಯ ಗೋಡೆಯಲ್ಲಿ ಅಜ್ಜನ ಫೋಟೊ ಇತ್ತು. ನಾನು ಹುಟ್ಟುವ ಮೊದಲೇ ತೀರಿಕೊಂಡವರು; ಹೊಂಗಡಹಳ್ಳದ ಕಡೆ ಒಂದು ಎಸ್ಟೇಟ್‌ನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆಯುತ್ತಿದ್ದವರು. ಅವರು ಹೋದ ಮೇಲೆ ಅಜ್ಜಿ ಆ ಕಡೆಯ ಸಹವಾಸವೇ ಬೇಡವೆಂದು, ಅಪ್ಪನ ಕೈ ಹಿಡಿದು ತನ್ನ ತವರಾದ ಈ ಊರಿಗೆ ಬಂದುಬಿಟ್ಟಿದ್ದರು.

ನಾನಾಗ ಆರನೇ ಕ್ಲಾಸು. ಎಣಿಸುವ ಹುಚ್ಚು ಹತ್ತಿದ್ದು ಆ ವರ್ಷವೇ. ಕನ್ನಡ ಮೇಷ್ಟ್ರು ದಿನಚರಿ ಬರೆಯಿರಿ ಅಂದರು. ಉಳಿದವರು ‘ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ’ ಅಂತ ಒಂದು ವಾರ ಬರೆದು ನಿಲ್ಲಿಸಿದರು. ನನಗೆ ನಿಲ್ಲಿಸಲು ಬರಲಿಲ್ಲ. ದಿನಾಂಕ ಹಾಕಿ, ಕೆಳಗೆ ಗೆರೆ ಹೊಡೆದು, ಕಂಡದ್ದನ್ನೆಲ್ಲ ಲೆಕ್ಕ ಹಾಕಿದೆ. ನಾಲ್ಕು ನೇರ ಗೆರೆ, ಐದನೆಯದು ಅಡ್ಡ. ಅಪ್ಪ ದಿನಕ್ಕೆ ಎಷ್ಟು ಸಲ ‘ನೋಡಾಣ’ ಅನ್ನುತ್ತಾರೆ. ತಂಗಿ ಸಿಂಚನ ಎಷ್ಟು ತುತ್ತು ಉಣ್ಣುತ್ತಾಳೆ, ಎಷ್ಟು ಉಗುಳುತ್ತಾಳೆ. ಅಮ್ಮ ಅವಳಿಗೆ ಎಷ್ಟು ಸಲ ಕೂಗುತ್ತಾರೆ. ಸಿಂಚುಗೆ ಆಗ ಮೂರೂವರೆ ವರ್ಷ. ಕೂಗಾಟದ ಲೆಕ್ಕ ದಿನಕ್ಕೆ ಹನ್ನೊಂದಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ.

“ಲೇ ಭವ್ಯ, ನಾನು ಸೀನಿದ್ದನ್ನೂ ಬರ್ಕಂಡ್ಯೇನೇ?”

ಅಮ್ಮ ರೊಟ್ಟಿ ತಟ್ಟುತ್ತಲೇ ರೇಗುವರು. ಅಜ್ಜಿ ನನ್ನ ಪರ.

“ಬರ್ಕಳ್ಳಿ ಬುಡು. ಅವ್ರಜ್ಜನ ಕೈಯೇ ಬಂದೈತೆ. ಮನೇಗೂ ಒಬ್ಳು ರೈಟರಮ್ಮ ಬೇಕಲ್ಲ!”

ಆ ಪುಸ್ತಕದ ಒಂದು ಪುಟದಲ್ಲಿ ‘ದೊಡ್ಡೋರು’ ಅನ್ನುವ ಮಾತಿಗೆ ಮೂರು ಕಾಲಂ ಹಾಕಿದ್ದೇನೆ. ಮನೆಗೆ ಬರುವ ಹಿರಿಯರು ಒಂದನೆಯದು. ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ‘ದೊಡ್ಡೋರು ಬಂದು ಉಂಡೋಗ್ಲಿ’ ಅಂತ ಅಜ್ಜಿ ಕೈ ಮುಗಿಯುತ್ತಿದ್ದರು. ಆ ತೀರಿಹೋದವರು ಎರಡನೆಯದು. ಮೂರನೆಯದು ಆನೆ. ಅಜ್ಜ ಹೇಗೆ ಹೋದರು ಅಂತ ಒಮ್ಮೆ ಕೇಳಿದ್ದಕ್ಕೆ ಅಜ್ಜಿ ‘ದೊಡ್ಡೋರು ಕರ್ಕಂಡ್ರು’ ಅಂದಿದ್ದರು. ಅದನ್ನು ಎರಡನೇ ಕಾಲಂನಲ್ಲಿ ಬರೆದುಕೊಂಡೆ. ಇಡೀ ಮನೆಯ ಮಾತನ್ನು ಕಾಲಂಗಳಲ್ಲಿ ಹಿಡಿದಿಟ್ಟ ಹೆಮ್ಮೆಯಿಂದ ಪುಟದ ಮೇಲೆ ಪೆನ್ಸಿಲಿನಲ್ಲಿ ಒಂದು ಹೂವನ್ನೂ ಬಿಡಿಸಿದ್ದೇನೆ. ಈಗ ಆ ಹೂವನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಸಿಂಚು ನೆಂಟರು ಬಂದರೆ ಅಕ್ಕಿ ಡ್ರಮ್ಮಿನ ಹಿಂದೆ ಅವಿತು ಕೂರುವ ಮಗು. ಹಾಸನದಿಂದ ಬಂದ ದೊಡ್ಡಮ್ಮ ಒಮ್ಮೆ ನಕ್ಕು, ಇದೇನು ಮಗು ಬೆಳೆಸಿದೀರೋ ಬೆಕ್ಕು ಬೆಳೆಸಿದೀರೋ ಅಂದುಬಿಟ್ಟರು. ಅಮ್ಮನಿಗೆ ಅದು ನಾಟಿತು. ಅವರು ಹೋದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದರು.

“ನೀನೇ ಕಲ್ಸು ಇವ್ಳಿಗೆ. ನನ್ ಮಾತು ಕಿವಿಗೇ ಹಾಕ್ಕಳಲ್ಲ. ದೊಡ್ಡೋರು ಬಂದ್ರೆ ನೀರು ಕೊಡ್ಬೇಕು, ಕೈ ಮುಗೀಬೇಕು. ಅಷ್ಟು ಬಂದ್ರೆ ಸಾಕು.”

ಯಾವ ದೊಡ್ಡೋರು ಅಂತ ಅಮ್ಮ ಹೇಳಲಿಲ್ಲ. ನಾನೂ ಸಿಂಚುಗೆ ಹೇಳಲಿಲ್ಲ. ನಾನು ಮಾಡಿದ್ದು ಕ್ರಮ. ಹಂಡೆಯಿಂದ ಸಣ್ಣ ಚೊಂಬಿನಲ್ಲಿ ನೀರು ತುಂಬಬೇಕು, ಎರಡೂ ಕೈಯಲ್ಲಿ ಹಿಡಿಯಬೇಕು. ಕೈಗೆ ಕೊಡಲು ಹೋದರೆ ಅವರ ತೊಡೆಯ ಮೇಲೆ ಚೆಲ್ಲುತ್ತಾಳೆ, ಆದ್ದರಿಂದ ಎದುರಿಗೆ ಕೆಳಗಿಡಬೇಕು. ಮೂರು ಹೆಜ್ಜೆ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ಕೈ ಮುಗಿಯಬೇಕು. ಆಮೇಲೆ ಓಡಿ ಬಂದು ‘ಅಮ್ಮಾ, ದೊಡ್ಡೋರು ಬಂದವ್ರೆ’ ಅಂತ ಹೇಳಬೇಕು. ಅಪ್ಪನ ಟವೆಲ್ ಹೆಗಲಿಗೆ ಹಾಕಿಕೊಂಡು ನಾನೇ ದೊಡ್ಡೋರಾಗಿ ಜಗುಲಿಯ ಮೇಲೆ ಕೆಮ್ಮುತ್ತಾ ಕೂತೆ. ಒಂಬತ್ತು ದಿನದಲ್ಲಿ ಅರವತ್ತನಾಲ್ಕು ಸಲ ಅಭ್ಯಾಸವಾಯಿತು. ಮೊದಲ ಇಪ್ಪತ್ತರಲ್ಲಿ ನನ್ನ ಲಂಗ ಹದಿನೇಳು ಸಲ ಒದ್ದೆಯಾಯಿತು. ಕೊನೆಯ ಇಪ್ಪತ್ತರಲ್ಲಿ ಒಂದು ಸಲವೂ ಇಲ್ಲ.

ಮೊದಲ ನಿಜವಾದ ಅತಿಥಿ ಬಾಳ್ಳುಪೇಟೆಯ ಇಬ್ರಾಹಿಂ ಸಾಬರು. ಕಾಫಿ ಕುಯ್ಲಿನ ಹೊತ್ತಿನಲ್ಲಿ ಪಿಕಪ್ ತೆಗೆದುಕೊಂಡು ಮನೆಮನೆಗೆ ಬಂದು ಕಾಯಿ ನೋಡಿ ಹೋಗುವವರು. ಸಿಂಚು ಚೊಂಬು ಇಟ್ಟು, ‘ಒಂದು, ಎರಡು, ಮೂರು’ ಅಂತ ಹಿಂದೆ ಸರಿದು ಕೈ ಮುಗಿದಾಗ ಅವರು ಕೂತಲ್ಲಿಂದಲೇ ಎದ್ದುನಿಂತರು.

“ಏನ್ ಶಿಸ್ತು ಮಾರಾಯ್ತಿ! ನಮ್ಮನೇಲಿ ಐದು ಮೊಮ್ಮಕ್ಳವೆ, ಚಪ್ಲಿ ಅಡಗಿಸೋದ್ ಬಿಟ್ರೆ ಒಂದಕ್ಕೂ ಏನೂ ಬರಲ್ಲ. ಅಲ್ಲವ್ವ, ಮೂರು ಹೆಜ್ಜೆ ಹಿಂದಕ್ಕೆ ಯಾಕೆ? ನಾನೇನು ಒದೀತೀನಾ?”

ಸಿಂಚು ಒಳಗೆ ಓಡಿದಳು, ಕ್ರಮದಂತೆ. ಅಮ್ಮ ಅವತ್ತು ನನಗೂ ಗ್ಯಾಸಿನ ಮೇಲಿನ ಕಾಫಿ ಕೊಟ್ಟರು.

ಅದಾಗಿ ಎರಡನೇ ಭಾನುವಾರ. ಬೆಳಿಗ್ಗೆ ಏಳೂವರೆ. ಅಪ್ಪ ಬಾಳ್ಳುಪೇಟೆಗೆ ಹೋಗಿದ್ದರು. ಅಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು, ಸಿಂಚು ಅವರ ಪಕ್ಕ ಮಣೆಯ ಮೇಲೆ ಕೂತಿದ್ದಳು, ನಾನು ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ, ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅಜ್ಜಿ ಅವರೆಕಾಯಿಯ ಮೊರ ಅಲ್ಲೇ ಬಿಟ್ಟು, ಸದ್ದಿಲ್ಲದೆ ಒಳಗೆ ಬಂದು, ಅಡುಗೆಮನೆಗೆ ತಲೆ ಹಾಕಿ ಪಿಸುಗುಟ್ಟಿದರಂತೆ.

“ದೊಡ್ಡೋರು ಬಂದವ್ರೆ. ಕಣದ ಮಗ್ಗುಲಲ್ಲೇ ನಿಂತವ್ರೆ. ಯಾರೂ ಉಸ್ರು ಎತ್ಬ್ಯಾಡಿ.”

ಅಷ್ಟು ಹೇಳಿ ನನ್ನನ್ನು ಕರೆತರಲು ಹಿಂದಕ್ಕೆ ಬಂದರು. ಅಮ್ಮ ಕಾಲಿನ ಸದ್ದಾಗದಂತೆ ಎದ್ದು ಹಿತ್ತಿಲ ಬಾಗಿಲು ಭದ್ರ ಮಾಡಲು ಹೋದರು. ನಾನು ಒದ್ದೆ ತಲೆಯಲ್ಲೇ ನಡುಮನೆಗೆ ಬಂದು, ಅಭ್ಯಾಸಬಲದಿಂದ ಎಣಿಸಿದೆ. ಅಜ್ಜಿ ಒಂದು, ಅಮ್ಮ ಎರಡು, ನಾನು ಮೂರು. ಮಣೆ ಖಾಲಿ. ಹಂಡೆಯ ಪಕ್ಕ ಚೊಂಬು ಇರಲಿಲ್ಲ. ಮುಂಬಾಗಿಲು ತೆರೆದಿತ್ತು.

ಬಾಗಿಲಿನ ಚೌಕಟ್ಟಿನೊಳಗೆ ಅಂಗಳ ಕಾಣುತ್ತಿತ್ತು. ಅಂಗಳದ ನಡುವೆ ಸಿಂಚು ನಡೆಯುತ್ತಿದ್ದಳು, ಎರಡೂ ಕೈಯಲ್ಲಿ ಚೊಂಬು ಹಿಡಿದು, ಚೆಲ್ಲಬಾರದೆಂದು ನೀರನ್ನೇ ನೋಡುತ್ತಾ. ಆಚೆ ತುದಿಯಲ್ಲಿ, ರಾತ್ರಿ ಟಾರ್ಪಾಲು ಹೊದಿಸಿದ್ದ ಕಾಫಿ ರಾಶಿಯ ಪಕ್ಕದಲ್ಲಿ, ಒಂಟಿ ಸಲಗ. ಅದರ ಕಾಲಿಗೆ ಗದ್ದೆಯ ಕೆಸರು ಮೆತ್ತಿತ್ತು. ಆನೆಯನ್ನು ನಾನು ಮೊದಲೂ ನೋಡಿದ್ದೆ, ದೂರದಿಂದ, ಎದುರಿನ ಗುಡ್ಡದ ಮೇಲೆ, ಬೆಂಕಿಪೊಟ್ಟಣದಷ್ಟು. ನಮ್ಮ ಅಂಗಳದಲ್ಲಿ ಅದು ಇಷ್ಟು ಜಾಗ ತಿನ್ನುತ್ತದೆ ಅಂತ ಗೊತ್ತಿರಲಿಲ್ಲ. ಕಣದ ಆಚೆ ಕಾಣಬೇಕಾಗಿದ್ದ ಸಿಲ್ವರ್ ಓಕ್ ಮರಗಳು ಕಾಣುತ್ತಿರಲಿಲ್ಲ. ಅರವತ್ತನಾಲ್ಕು ಸಲ ನಾನು ಕಲಿಸಿದ ಕ್ರಮವನ್ನು ಅವಳು ಚೂರೂ ತಪ್ಪದೆ ಮಾಡುತ್ತಿದ್ದಳು.

“ಅಯ್ಯೋ ಶಿವನೇ! ಸಿಂಚೂ! ಬಾರೇ ಒಳಕ್ಕೆ!”

ಅಜ್ಜಿಯ ಕೂಗಿಗೆ ಸಿಂಚು ಬೆಚ್ಚಿ ನಿಂತಳು. ಸ್ವಲ್ಪ ನೀರು ಚೆಲ್ಲಿತು. ಸಲಗದ ಕಿವಿ ಎರಡೂ ಅಗಲವಾಗಿ ನಿಂತವು. ಅಮ್ಮ ಅಜ್ಜಿಯ ಬಾಯಿಗೆ ಕೈ ಒತ್ತಿದರು. ರೊಟ್ಟಿಹಿಟ್ಟು ಮೆತ್ತಿದ ಕೈ. ಆಮೇಲೆ ಹೊರಗೆ ಓಡುತ್ತಾರೆ ಅಂದುಕೊಂಡೆ. ಓಡಲಿಲ್ಲ. ಹೊಸಿಲಿನ ಮೇಲೆ ಕೂತರು, ಸಿಂಚುವಿನ ಎತ್ತರಕ್ಕೆ. ದಿನಕ್ಕೆ ಹನ್ನೊಂದು ಸಲ ಕೂಗುವ ಅಮ್ಮ, ಬೇಲಿಯಾಚೆಯವರಿಗೆ ಉಪ್ಪು ಬೇಕಾ ಅಂತ ಕೇಳುವ ದನಿಯಲ್ಲಿ ಮಾತಾಡಿದರು.

“ಸಿಂಚು, ನೀರು ತಂದ್ಯಾ?”

“ಊಂ. ದೊಡ್ಡೋರಿಗೆ.” ಅವಳು ತಿರುಗಲಿಲ್ಲ.

“ಸರಿ. ಎಲ್ಲಿಡ್ಬೇಕು?”

“ಕೆಳಗೆ.”

“ಇಡು ಮತ್ತೆ. ಅಲ್ಲೇ ಇಡು, ಸಾಕು. ಆಮೇಲೆ?”

“ಮೂರು ಹೆಜ್ಜೆ.”

“ಎಣ್ಸು, ಕೇಳ್ತೀನಿ.”

“ಒಂದು... ಎರಡು... ಮೂರು.”

ಸಿಂಚು ಕೈ ಮುಗಿದಳು. ಸೊಂಡಿಲು ನೆಲ ಮೂಸುತ್ತಾ ಚೊಂಬಿನ ಕಡೆ ಬರುತ್ತಿತ್ತು. ಅಮ್ಮನ ಬೆನ್ನಿನ ರವಿಕೆ ಬೆವರಿನಲ್ಲಿ ಅಂಟಿಕೊಂಡದ್ದು ನನಗೆ ಕಾಣುತ್ತಿತ್ತು. ದನಿ ಮಾತ್ರ ಅದೇ.

“ಇನ್ನೇನ್ ಮಾಡ್ಬೇಕು?”

“ಅಮ್ಮಂಗೆ ಹೇಳ್ಬೇಕು.”

“ಬಾ ಮತ್ತೆ, ಹೇಳು. ನಂಗಿನ್ನೂ ಗೊತ್ತೇ ಇಲ್ಲ.”

ಅವಳು ತಿರುಗಿ ಪುಟಪುಟನೆ ಓಡಿ ಬಂದು ಅಮ್ಮನ ಮುಂದೆ ನಿಂತು, ಎದೆಯುಬ್ಬಿಸಿ ಹೇಳಿದಳು.

“ಅಮ್ಮಾ, ದೊಡ್ಡೋರು ಬಂದವ್ರೆ!”

“ಹೌದಾ” ಅಂದರು ಅಮ್ಮ. ಅವಳನ್ನು ಒಳಗೆ ಎಳೆದುಕೊಂಡರು. ಅಜ್ಜಿ ಬಾಗಿಲು ಮುಚ್ಚಿದರು. ಅಮ್ಮ ಬಾಗಿಲಿಗೆ ಒರಗಿ ಕೂತು ಸಿಂಚುವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಒಲೆಯ ಮೇಲೆ ರೊಟ್ಟಿ ಸುಟ್ಟು ಮನೆಯೆಲ್ಲ ಹೊಗೆಯಾಯಿತು. ಹೊರಗೆ ಚೊಂಬು ಉರುಳಿದ ಸದ್ದು, ಟಾರ್ಪಾಲು ಹರಿದ ಸದ್ದು, ಆಮೇಲೆ ಬೇಲಿಯ ಗೂಟ ಮುರಿದ ಸದ್ದು. ಅಷ್ಟೇ. ಮಾರನೆಯ ದಿನ ಹೆಜ್ಜೆ ಹಾಕಿ ಅಳೆದೆ. ಜಗುಲಿಯಿಂದ ಸಲಗ ನಿಂತಿದ್ದ ಗುರುತಿನವರೆಗೆ ನನ್ನ ಹದಿನೆಂಟು ಹೆಜ್ಜೆ. ಚೊಂಬು ಇಟ್ಟ ಒದ್ದೆ ಇದ್ದದ್ದು ಹನ್ನೊಂದರಲ್ಲಿ.

ನಾನೀಗ ಆಲೂರು ಕಡೆಯ ಒಂದು ಅಂಗನವಾಡಿಯಲ್ಲಿ ಟೀಚರ್. ತಾಯಂದಿರು ಸೇರಿದ ದಿನ ಎಲ್ಲರ ಪ್ರಶ್ನೆ ಒಂದೇ: ಹೇಳಿದ ಮಾತು ಕೇಳಲ್ಲ, ಏನು ಮಾಡೋದು? ಕೇಳುತ್ತವೆ, ಅದೇ ಭಯ ಅನ್ನುತ್ತೇನೆ. ಮಕ್ಕಳು ನಾವು ಹೇಳಿದ್ದನ್ನು ಕೇಳುತ್ತವೆ, ನಾವು ಅಂದುಕೊಂಡದ್ದನ್ನಲ್ಲ. ಹಾವಿಗೆ ಹಾವು ಅನ್ನಿ, ಔಷಧಿಗೆ ಚಾಕಲೇಟು ಅನ್ನಬೇಡಿ. ಏನಾದರೂ ಕಲಿಸಿದರೆ, ಯಾರಿಗೆ, ಎಲ್ಲಿ, ಯಾವಾಗ ಬೇಡ ಅನ್ನುವುದನ್ನೂ ಅದರ ಬಾಯಲ್ಲೇ ಹೇಳಿಸಿ. ಮಗು ಬಾವಿಕಟ್ಟೆಯ ಮೇಲಿದ್ದರೆ ಕೂಗಬೇಡಿ. ಮುಂದಿನ ಕೆಲಸ ಏನು ಅಂತ ಮೆಲ್ಲಗೆ ಕೇಳಿ. ಇವೆಲ್ಲ ಎಲ್ಲಿ ಓದಿದಿರಿ ಟೀಚರ್ ಅನ್ನುತ್ತಾರೆ. ಈಗ ಆನೆ ಎಲ್ಲಿದೆ ಅಂತ ಎಲ್ಲರ ಮೊಬೈಲಿಗೂ ಮೆಸೇಜ್ ಬರುತ್ತದೆ, ಅದರಲ್ಲಿ ಆನೆ ಅಂತಲೇ ಬರೆದಿರುತ್ತದೆ. ಓದಿದಾಗಲೆಲ್ಲ ನನಗೆ ಅಮ್ಮನ ಬೆನ್ನು ಕಾಣುತ್ತದೆ.

ಆ ಭಾನುವಾರ ಅಪ್ಪ ಮನೆಗೆ ಬಂದಾಗ ಒಂಬತ್ತು ಗಂಟೆ. ಮುರಿದ ಬೇಲಿ ನೋಡಿಕೊಂಡೇ ಒಳಗೆ ಬಂದರು. ವಿಷಯ ಕೇಳಿದವರೇ ಮುಖ ಬೂದಿಯಾಗಿ, ಸಿಂಚುವಿನ ಮೇಲೆ ಕೈ ಎತ್ತಿದರು. ಅಪ್ಪ ಯಾರ ಮೇಲೂ ಕೈ ಎತ್ತಿದವರಲ್ಲ. ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

“ಹೊರಗ್ ಯಾಕ್ ಹೋದೆ? ಹೇಳು, ಯಾಕ್ ಹೋದೆ?”

“ಅಕ್ಕ ಹೇಳ್ಕೊಟ್ಳು” ಅಂದಳು ಸಿಂಚು. “ಅಜ್ಜಿ ದೊಡ್ಡೋರು ಬಂದವ್ರೆ ಅಂದ್ರು.”

ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ಅಪ್ಪನಿಗೆ ತಿಳಿಯಲಿಲ್ಲ. ತಲೆ ಕೆರೆದುಕೊಂಡರು. ನಾನು ಹೋಗಿ ಅಕ್ಕಿ ಡ್ರಮ್ಮಿನ ಹಿಂದೆ ಕೂತೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ನಿಜವಾದ ಅಪಾಯ ಶುರುವಾದದ್ದು ಅವತ್ತು ಮಧ್ಯಾಹ್ನ. ಬೇಲಿ ನೋಡಲು ಬಂದವರಿಗೆಲ್ಲ ಅಜ್ಜಿ ಕಥೆ ಹೇಳತೊಡಗಿದರು. ಅಜ್ಜಿಯ ಕಥೆಯಲ್ಲಿ ನಾವು ಯಾರೂ ಇರಲಿಲ್ಲ, ಅಮ್ಮನ ದನಿಯೂ ಇರಲಿಲ್ಲ. ಸಾಕ್ಷಾತ್ ಗಣಪತಿ ಬಂದು ನಿಂತ, ಮಗು ನೀರು ಕೊಟ್ಟಿತು, ಆತ ತಲೆಯಾಡಿಸಿ ಹೋದ. ಬಂದವರು ಸಿಂಚುವನ್ನು ಜಗುಲಿಯ ಮೇಲೆ ನಿಲ್ಲಿಸಿ ಮಾಡಿ ತೋರಿಸು ಅನ್ನುವರು. ಅವಳು ಚೊಂಬು ಇಟ್ಟು, ಮೂರು ಹೆಜ್ಜೆ ಎಣಿಸಿ, ಕೈ ಮುಗಿಯುವಳು. ಎಲ್ಲರೂ ಚಪ್ಪಾಳೆ ತಟ್ಟುವರು. ಬಾಳೆಹಣ್ಣು, ಬಿಸ್ಕತ್ತು, ಒಬ್ಬರು ಬಳೆ. ನೆಂಟರೆಂದರೆ ಅವಿತುಕೊಳ್ಳುತ್ತಿದ್ದ ಮಗು ಈಗ ಗೇಟಿನ ಸದ್ದಾದರೆ ತಾನೇ ಓಡುತ್ತಿತ್ತು. ನಾಲ್ಕು ದಿನದಲ್ಲಿ ಇಪ್ಪತ್ಮೂರು ಸಲ ಮಾಡಿ ತೋರಿಸಿದಳು. ಇಪ್ಪತ್ಮೂರು ಸಲವೂ ಹೊಗಳಿಕೆ. ಬೈಗುಳ, ಸೊನ್ನೆ.

ಹೊಗಳದವರು ಒಬ್ಬರೇ, ಇಬ್ರಾಹಿಂ ಸಾಬರು. ಕಥೆಯನ್ನು ಕೊನೆಯವರೆಗೆ ಕೇಳಿ, ಕಾಫಿ ಲೋಟ ಕೆಳಗಿಟ್ಟರು.

“ಅಮ್ಮ, ನೀವು ದೊಡ್ಡೋರು, ನಾನು ಹೇಳ್ಬಾರ್ದು. ಆದ್ರೂ ಹೇಳ್ತೀನಿ. ಮಗೀನ್ ಮುಂದೆ ಹಿಂಗ್ ಹೇಳ್ಬ್ಯಾಡಿ. ಹೊಗಳಿದ್ ಕೆಲ್ಸಾನ ಮಕ್ಳು ಇನ್ನೊಂದ್ಸಲ ಮಾಡ್ತವೆ.”

“ಅಯ್ಯೋ ಸಾಬ್ರೆ, ಆ ಸ್ವಾಮಿ ಏನೂ ಮಾಡ್ಲಿಲ್ವಲ್ಲ! ನೀರು ಕೊಟ್ಟೋರ್ನ ಮುಟ್ತಾನಾ?”

“ಒಂದ್ಸಲ ಮುಟ್ಲಿಲ್ಲ” ಅಂದರು ಅವರು. ಕಾಫಿ ಪೂರ್ತಿ ಕುಡಿಯದೆ ಎದ್ದು ಹೋದರು.

ಗುರುವಾರ ನಾನು ಶಾಲೆಗೆ ಹೊರಟಾಗ ಎಂಟು ಗಂಟೆ. ಅಂಗಳದ ಆಚೆ ತುದಿಯಲ್ಲಿ, ಅಪ್ಪ ಮುಳ್ಳು ಕಟ್ಟಿ ಮುಚ್ಚಿದ್ದ ಬೇಲಿಯ ಕಿಂಡಿಯ ಎದುರು, ಸಿಂಚು ಕೂತಿದ್ದಳು. ಅಷ್ಟು ದೂರ ಅವಳು ಒಬ್ಬಳೇ ಹೋದದ್ದೇ ಇಲ್ಲ. ತಲೆ ತಾನೇ ಬಾಚಿಕೊಂಡಿದ್ದಳು, ಬೈತಲೆ ಕಿವಿಯ ಹತ್ತಿರ ಇತ್ತು. ಹೊಸ ಬಳೆ ಹಾಕಿಕೊಂಡಿದ್ದಳು. ಮುಂದೆ ತುಂಬಿದ ಚೊಂಬು, ಪಕ್ಕದಲ್ಲಿ ಎಲೆಯ ಮೇಲೆ ಒಂದು ಬಾಳೆಹಣ್ಣು.

“ಏನ್ ಮಾಡ್ತಿದೀಯೇ ಇಲ್ಲಿ?”

“ದೊಡ್ಡೋರ್ಗೆ ಕಾಯ್ತಿದೀನಿ. ನಿನ್ನೇನೂ ಬರ್ಲಿಲ್ಲ, ಮೊನ್ನೇನೂ ಬರ್ಲಿಲ್ಲ.”

ನಿನ್ನೆ, ಮೊನ್ನೆ. ಎಲ್ಲವನ್ನೂ ಎಣಿಸುವ ನನ್ನ ಪುಸ್ತಕದಲ್ಲಿ ಆ ಎರಡು ದಿನ ಇರಲಿಲ್ಲ. ಭಾನುವಾರ ಆದದ್ದಕ್ಕಿಂತ ದೊಡ್ಡ ಆಘಾತ ನನಗೆ ಆ ಬೆಳಿಗ್ಗೆಯದು. ಭಾನುವಾರ ಅವಳು ತಪ್ಪು ತಿಳಿದು ಹೋಗಿದ್ದಳು. ಈಗ ತಿಳಿದೇ ಕಾಯುತ್ತಿದ್ದಳು. ಅವಳನ್ನು ಎತ್ತಿಕೊಂಡು ಒಳಗೆ ಬಂದೆ. ಬ್ಯಾಗು ಇಳಿಸದೆಯೇ ಅಮ್ಮನಿಗೆ, ಅಪ್ಪನಿಗೆ ಹೇಳಿದೆ. ಇಪ್ಪತ್ಮೂರು ಸಲ ಅಂತ ಪುಟ ತೆರೆದು ತೋರಿಸಿದೆ. ಈ ಸಲ ಅಮ್ಮ ನನ್ನ ಲೆಕ್ಕವನ್ನು ಗೇಲಿ ಮಾಡಲಿಲ್ಲ. ಗೆರೆಗಳ ಮೇಲೆ ಬೆರಳಿಟ್ಟು ತಾವೂ ಎಣಿಸಿದರು.

ಅಪ್ಪ ಸಿಂಚುವನ್ನು ಮುಂದೆ ಕೂರಿಸಿಕೊಂಡು, ಅದು ಆನೆ, ತುಳಿಯುತ್ತೆ, ಹತ್ತಿರ ಹೋಗಬಾರದು ಅಂತ ಹೇಳಿದರು. ಅಮ್ಮನೂ ಹೇಳಿದರು. ಅವಳು ತಲೆಯಾಡಿಸಿ ಇಲ್ಲ ಅಂದಳು.

“ಅವ್ರು ಒಳ್ಳೇರು. ಅಜ್ಜಿ ಹೇಳವ್ರೆ.”

ನಾಲ್ಕು ಸಲ ಹೇಳಿದರು. ನಾಲ್ಕು ಸಲವೂ ಅದೇ ಉತ್ತರ. ಅವಳಿಗೆ ಅಪ್ಪ ಅಮ್ಮ ಕೂಗುವವರು, ಅಜ್ಜಿ ಗೊತ್ತಿರುವವರು. ಅಜ್ಜಿಯ ಬಾಯಿಂದ ಬಂದದ್ದನ್ನು ಅಜ್ಜಿಯ ಬಾಯೇ ಅಳಿಸಬೇಕಿತ್ತು. ಅಮ್ಮ ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತರು.

“ಅತ್ತೆ, ನೀವೊಂದ್ ಮಾತು ಹೇಳ್ಬುಡಿ ಅವ್ಳಿಗೆ. ಅದು ಆನೆ, ಕೆಟ್ಟದ್ದು ಮಾಡ್ತದೆ ಅಂತ. ನೀವಂದ್ರೆ ನಂಬ್ತಾಳೆ.”

“ಆ ಹೆಸ್ರು ನನ್ ಬಾಯಲ್ಲಿ ಬರಲ್ಲ ಕಣವ್ವ. ನನ್ನ ಕೇಳ್ಬ್ಯಾಡ.”

“ಮಗು ಹೋಗ್ಬುಟ್ರೆ? ಆಗ್ಲೂ ಬರಲ್ವಾ?”

“ಕೆಟ್ಟದ್ದಂದ್ರೆ ಸಿಟ್ ಬತ್ತದೆ! ಹೊಗಳ್ಕಂಡಿದ್ರೆ ನಮ್ ತಂಟೇಗ್ ಬರಲ್ಲ. ಇಷ್ಟ್ ವರ್ಷ ಹಂಗೇ ಕಾಪಾಡ್ಕಂಡ್ ಬಂದಿದೀನಿ ಈ ಮನೇನ!”

ಆಗ ಅಪ್ಪ ಎದ್ದುಬಂದರು. ಅಪ್ಪ ಅಜ್ಜಿಯ ಎದುರು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

“ಅವ್ವಾ! ನಮ್ಮಪ್ಪನ್ನ ತುಳ್ದಿದ್ದು ಯಾವ್ದವ್ವಾ? ಕೈಯಲ್ಲಿ ಹಾಜರಿ ಬುಕ್ ಹಿಡ್ಕಂಡು ಹೋಗ್ತಿದ್ದೋರ್ನ ದಾರೀಲಿ ತುಳ್ದಾಕಿದ್ದು ಆನೆ ಅಲ್ವೇನವ್ವಾ?”

ಅಜ್ಜಿ ಎದ್ದು ಬಂದು, ಸಿಂಚುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತನ್ನ ಬಾಯಿಂದ ಮೊದಲ ಸಲ ‘ಅದು ಆನೆ ಕಣವ್ವ, ನಿಮ್ಮಜ್ಜನ್ನ ತುಳ್ದಿದ್ದು ಅದೇ, ಹತ್ರ ಹೋಗ್ಬ್ಯಾಡ’ ಅಂದರು; ನಾನು ಪುಸ್ತಕ ತೆರೆದು, ಎರಡನೇ ಕಾಲಂನಲ್ಲಿದ್ದ ಅಜ್ಜನ ಸಾಲನ್ನು ಹೊಡೆದುಹಾಕಿ ಮೂರನೆಯದರಲ್ಲಿ ಬರೆದೆ.